ಗರಡಿಗೆ ಹೋದರೆ ಮಕ್ಕಳು ಕುಳ್ಳಾಗುತ್ತಾರಾ? ಕೆ.ವಿ. ಅಯ್ಯರ್ ಕಥೆಯೊಂದಿಗೆ ಉತ್ತರ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹುಡುಗ ಗರಡಿಗೋ ಜಿಮ್ಮಿಗೋ ಹೋಗುತ್ತೇನೆ ಅಂದರೆ ಮನೆಯ ಹಿರಿಯರು ತಡೆಯುವುದುಂಟು. ಭಾರ ಎತ್ತಿದರೆ ಮೂಳೆ ಬೆಳೆಯುವುದಿಲ್ಲ, ಹುಡುಗ ಕುಳ್ಳಾಗುತ್ತಾನೆ ಎಂಬ ಭಯ. ಇನ್ನು ಕೆಲವರು ಆರು ತಿಂಗಳಾದರೂ ಮಗನ ತೋಳು ಉಬ್ಬಲಿಲ್ಲ ಅಂತ ಪ್ರೋಟೀನ್ ಪುಡಿಯ ಡಬ್ಬ ತರುತ್ತಾರೆ. ಎರಡೂ ತಪ್ಪು. ಯಾಕೆಂದು ಹೇಳುವ ಮೊದಲು ಕನ್ನಡನಾಡಿನ ಒಬ್ಬ ದೊಡ್ಡ ವ್ಯಾಯಾಮಪಟುವಿನ ಪರಿಚಯ ಮಾಡಿಕೊಡುತ್ತೇವೆ.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಿಸ್ ಜಿಮ್ನೇಷಿಯಂ ಬಹಳ ಹೆಸರಾಗಿತ್ತು. ಬರಲಾಗದವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದರು. ಇವತ್ತಿನ ಆನ್‌ಲೈನ್ ಕೋಚಿಂಗ್ ಅನ್ನಿ. ಪಶ್ಚಿಮದ ಭಾರ ಎತ್ತುವ ಪದ್ಧತಿಗೆ ನಮ್ಮ ಹಠಯೋಗ, ಸೂರ್ಯನಮಸ್ಕಾರಗಳನ್ನು ಜೋಡಿಸಿದ್ದು ಅವರ ಹೆಗ್ಗಳಿಕೆ. ಕನ್ನಂಬಾಡಿ ಕಟ್ಟಿಸಿ ಮಂಡ್ಯಕ್ಕೆ ನೀರು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರೇ ಅವರಿಗೂ ಆಶ್ರಯ ಕೊಟ್ಟರು.

1930ರಲ್ಲಿ ಅವರ ಇಂಗ್ಲಿಷ್ ಪುಸ್ತಕ 'ಮಸಲ್ ಕಲ್ಟ್' ಬಂತು. ಗ್ರೀಕ್ ಶಿಲ್ಪದ ಭಂಗಿಯಲ್ಲಿ ಅವರು ತೆಗೆಸಿಕೊಂಡ ಫೋಟೋಗಳನ್ನು ಈಗಲೂ ಜನ ನೋಡಿ ಬೆರಗಾಗುತ್ತಾರೆ. ಆದರೆ ಒಂದು ಲೆಕ್ಕ ಮರೆಯಬೇಡಿ. ಪುಸ್ತಕ ಬಂದಾಗ ಅಯ್ಯರ್‌ಗೆ 33 ವರ್ಷ. ಹಾಗೆ ಸ್ನಾಯು ಉಬ್ಬಲು ಟೆಸ್ಟೋಸ್ಟೆರಾನ್ ಹಾರ್ಮೋನಿನ ಸಹಾಯ ದೊಡ್ಡದು. ಹತ್ತು ವರ್ಷದ ಹುಡುಗನ ಮೈಯಲ್ಲಿ ಅದು ತೀರಾ ಕಡಿಮೆ.

ಹಾಗಾದರೆ ಮಕ್ಕಳು ವ್ಯಾಯಾಮ ಮಾಡಿ ಏನು ಲಾಭ? ಲಾಭವಿದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಜಾತ್ರೆಯ ತೇರು ನೆನಪಿಸಿಕೊಳ್ಳಿ. ಹಗ್ಗ ಹಿಡಿದವರು ನೂರು ಜನ ಇದ್ದರೂ ಒಂದೇ ಕೂಗಿಗೆ ಎಲ್ಲರೂ ಎಳೆದರೆ ಮಾತ್ರ ತೇರು ಅಲುಗುತ್ತದೆ. ಸ್ನಾಯುವಿನ ಎಳೆಗಳೂ ಹಾಗೆಯೇ, ಮೆದುಳಿನಿಂದ ನರಗಳ ಮೂಲಕ ಬರುವ ಕೂಗಿಗೆ ಎಳೆಯುತ್ತವೆ. ದೊಡ್ಡವರು ಪೂರ್ತಿ ಬಲ ಹಾಕಿದಾಗ ಹೆಚ್ಚಿನ ಎಳೆಗಳು ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಮಕ್ಕಳಲ್ಲಿ ಅಷ್ಟು ಪಾಲು ಬರುವುದಿಲ್ಲ, ಅದರಲ್ಲೂ ಥಟ್ಟನೆ ಜೋರು ಬಲ ಕೊಡುವ ಎಳೆಗಳು ಹಿಂದೆ ಉಳಿಯುತ್ತವೆ. ಹಾಗಾಗಿ ಮಗುವಿನ ಸ್ನಾಯು ಚಿಕ್ಕದು ಅನ್ನುವುದಷ್ಟೇ ಕಾರಣವಲ್ಲ. ಇರುವ ಸ್ನಾಯುವೂ ಪೂರ್ತಿ ದುಡಿಯುವುದಿಲ್ಲ. ಮಕ್ಕಳು ಬೇಗ ಸುಸ್ತಾಗದೆ, ಸುಸ್ತಾದರೂ ಕ್ಷಣದಲ್ಲಿ ಎದ್ದು ಮತ್ತೆ ಓಡುವುದಕ್ಕೂ ಇದು ಒಂದು ಕಾರಣ. ಅವರ ಹಿಂದೆ ಓಡಿದ ಅಜ್ಜಿಯರಿಗೆ ಇದು ಗೊತ್ತು!

ದಂಡ, ಬಸ್ಕಿ ಹೊಡೆದಾಗ ಮಗುವಿನ ನರಗಳು ಆ ಕೂಗನ್ನು ಕಲಿಯುತ್ತವೆ. ಬಲ ನಿಜವಾಗಿ ಹೆಚ್ಚುತ್ತದೆ, ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಡಬ್ಬದ ಪುಡಿ ಇದನ್ನು ಬದಲಿಸಲಾರದು.

ಇನ್ನು ಕುಳ್ಳಾಗುವ ಮಾತು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಮೃದು ಪದರವಿರುತ್ತದೆ, ಅದಕ್ಕೆ ಪೆಟ್ಟಾದರೆ ತೊಂದರೆಯೇ. ಆದರೆ ತಿಳಿದವರ ಕಣ್ಣೆದುರು ಸರಿಯಾಗಿ ಮಾಡಿದ ವ್ಯಾಯಾಮದಿಂದ ಎತ್ತರ ಕುಂಠಿತವಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ, ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿಯಾಗಿಸುವ ಕೆಲಸ ಬೇಕು ಅನ್ನುತ್ತದೆ. ಅಪಾಯವಿರುವುದು ಅಣ್ಣನ ಡಂಬೆಲ್ಲನ್ನು ತಮ್ಮ ಪಂದ್ಯಕ್ಕೆ ಬಿದ್ದು ಎತ್ತುವುದರಲ್ಲಿ.

ಅಯ್ಯರ್ 1980ರಲ್ಲಿ ತೀರಿಕೊಂಡರು. ಅವರು ಕಾದಂಬರಿಕಾರರೂ ಹೌದು: 'ಶಾಂತಲಾ', 'ರೂಪದರ್ಶಿ' ಬರೆದರು. 'ರೂಪದರ್ಶಿ'ಯಲ್ಲಿ ಬಾಲ ಏಸುವಿಗೆ ಮಾದರಿಯಾದ ಮಗುವೇ ದೊಡ್ಡವನಾದ ಮೇಲೆ ಜೂದಾಸನಿಗೂ ಮಾದರಿಯಾಗುತ್ತಾನೆ, ಅದೂ ಕಲಾವಿದನಿಗೆ ಗುರುತೇ ಸಿಗದಷ್ಟು ಬದಲಾಗಿ.

ನಿಮ್ಮೂರ ಗರಡಿಗೆ ಮಗುವನ್ನು ಕಳಿಸುವುದಾದರೆ ಮೊದಲು ಮೈಭಾರದ ಸಾಮುಗಳು, ಸರಿಯಾದ ಭಂಗಿ, ಆಮೇಲೆ ಹಗುರ ಭಾರ. ಕೀಲಿನಲ್ಲಿ ನೋವು ನಿಲ್ಲದಿದ್ದರೆ ಸಾಮು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.