ಬಾಲಣ್ಣ ಕಟ್ಟಿದ ಸ್ಟುಡಿಯೋ, ಬಾಲಣ್ಣನೇ ಇಲ್ಲದ ಚರ್ಚೆ

2025ರ ಆಗಸ್ಟ್ 8ರಂದು ಫೋನ್ ತೆರೆದರೆ ಎಲ್ಲ ಕಡೆ ಒಂದೇ ಸುದ್ದಿ. ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನ ರಾತ್ರೋರಾತ್ರಿ ನೆಲಸಮ ಮಾಡಿದ್ರು. ಅಭಿಮಾನಿಗಳ ಸಿಟ್ಟು ನ್ಯಾಯವಾಗಿಯೇ ಇತ್ತು. ಆಮೇಲೆ ಷರತ್ತು ಮುರಿದಿದ್ದಕ್ಕೆ ಜಮೀನು ವಾಪಸ್ ಪಡೆಯೋಕೆ ಸರ್ಕಾರ ಮುಂದಾಯ್ತು, ಚರ್ಚೆ ವಾರಗಟ್ಟಲೆ ನಡೀತು. ಅದರಲ್ಲೆಲ್ಲ ಆ ಸ್ಟುಡಿಯೋ ಕಟ್ಟಿದ ಮನುಷ್ಯನ ಹೆಸರು ಜಮೀನಿನ ಪಹಣಿಯಲ್ಲಿರೋ ಹೆಸರಿನ ಥರ ಒಂದು ಸಾಲಿನಲ್ಲಿ ಬಂದು ಹೋಯ್ತು. ಟಿ.ಎನ್. ಬಾಲಕೃಷ್ಣ. ನಮ್ಮ ಹಿರಿಯರ ಪಾಲಿಗೆ ಬಾಲಣ್ಣ.

ನಾನು ಶಹಾಬಾದ್‌ನವನು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಅಂತ ನಮ್ಮ ಕಡೆ ಥೇಟರ್ ಅಂದ್ರೆ ಹಿಂದಿ, ಇಲ್ಲಾಂದ್ರೆ ತೆಲುಗು. ಹಳೇ ಕನ್ನಡ ಪಿಕ್ಚರ್ ನಮಗೆ ಸಿಕ್ಕಿದ್ದು ದೂರದರ್ಶನದ ಭಾನುವಾರಗಳಲ್ಲಿ. ಹೀರೋ ಯಾರೇ ಇರಲಿ, ಒಳಗೆ ಬಾಲಣ್ಣ ಇರೋದು ಹೆಚ್ಚುಕಮ್ಮಿ ಖಾತ್ರಿ. ಒಮ್ಮೆ ಮನೆಮುರುಕ, ಒಮ್ಮೆ ಜಿಪುಣ, ಒಮ್ಮೆ ಕರುಳು ಹಿಂಡೋ ಅಪ್ಪ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪ ಅವರೇ. ರಾಚಪ್ಪ, ರಾಚೋಟಪ್ಪ ನಮ್ಮ ಓಣಿಯ ಹೆಸರುಗಳು. ಹಾಗಾಗಿ ಮನೆಯಲ್ಲಿ ಅವರನ್ನ ನಮ್ಮವನೇ ಅಂದ್ಕೊಂಡಿದ್ರು.

ಅವರು ನಮ್ಮ ಕಡೆಯವರಲ್ಲ. ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಅಪ್ಪನ ಔಷಧಿಗೆ ದುಡ್ಡಿಲ್ಲದೆ ಹೆತ್ತ ತಾಯಿ ಕೆಲವೇ ರೂಪಾಯಿಗೆ ಈ ಮಗುವನ್ನ ಬೇರೆಯವರ ಕೈಗೆ ಕೊಟ್ಟಳು ಅನ್ನೋ ಕತೆ ಚಿತ್ರರಂಗದಲ್ಲಿ ಇವತ್ತಿಗೂ ಹೇಳ್ತಾರೆ. ಮುಂದೆ ಬಾಲ್ಯದಲ್ಲೇ ಕಿವಿ ಮಂದವಾಯ್ತು. ಬೋರ್ಡು ಬರೆಯೋ ಥರದ ಸಣ್ಣಪುಟ್ಟ ಕೆಲಸ ಮಾಡುತ್ತಾ ನಾಟಕದ ಕಂಪನಿ ಸೇರಿದ ಈತ 1943ರ ‘ರಾಧಾರಮಣ’ದಿಂದ ಸಿನಿಮಾಕ್ಕೆ ಬಂದರು. ಆಮೇಲೆ ಅರ್ಧ ಶತಮಾನ, 500ಕ್ಕೂ ಹೆಚ್ಚು ಚಿತ್ರ.

ಸರಿಯಾಗಿ ಕಿವಿ ಕೇಳದವರಿಗೆ ಇದು ಹೇಗೆ ಸಾಧ್ಯವಾಯ್ತು? ಎದುರಿನವರ ಮಾತು ಎಲ್ಲಿ ಮುಗೀತು ಅಂತ ತಿಳಿದ್ರೇನೆ ನಟ ತನ್ನ ಮಾತು ಎತ್ತೋದು. ಹಾಸ್ಯದಲ್ಲಂತೂ ಅರ್ಧ ಸೆಕೆಂಡ್ ತಪ್ಪಿದ್ರೆ ನಗು ಸತ್ತುಹೋಗುತ್ತೆ. ಬಾಲಣ್ಣ ತನ್ನ ಮಾತಿನ ಜೊತೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡ್ಕೊಳ್ತಿದ್ರು, ತುಟಿ ನೋಡಿ ತಾಳ ಹಿಡೀತಿದ್ರು. ಬೇರೆಯವರು ಒಂದು ಪಾತ್ರಕ್ಕೆ ತಯಾರಾದ್ರೆ ಇವರು ಇಡೀ ದೃಶ್ಯಕ್ಕೆ ತಯಾರಾಗಬೇಕಿತ್ತು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದಕ್ಕೂ 70 ವರ್ಷ ಮೊದಲು ಈ ಮನುಷ್ಯ ಯಾವ ರಿಯಾಯಿತಿಯೂ ಇಲ್ಲದೆ ದುಪ್ಪಟ್ಟು ದುಡೀತಿದ್ದರು. ಇದನ್ನ ಪವಾಡ ಅಂತ ಹೊಗಳಿ ಸುಮ್ಮನಾಗೋದು ಸುಲಭ. ಎಲ್ಲ ಭಾರ ಒಬ್ಬನ ಹೆಗಲ ಮೇಲೆ ಯಾಕೆ ಬಿತ್ತು ಅಂತ ಕೇಳೋದು ಕಷ್ಟ.

ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗ್ತಿದ್ದವು, ನಟರೂ ಅಲ್ಲೇ ಇರ್ತಿದ್ರು. ಪಿಕ್ಚರ್ ಇಲ್ಲದ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಸೇರಿ ಕಲಾವಿದರ ಸಂಘ ಕಟ್ಟಿದರು, ಊರೂರಿಗೆ ಹೋಗಿ ನಾಟಕ ಆಡಿದರು. 1960ರಲ್ಲಿ ತಾವೇ ‘ರಣಧೀರ ಕಂಠೀರವ’ ತೆಗೆದರು. ಕೆಲಸ ಸಿಗದ ಕಲಾವಿದರು ಕೂಡಿ ತಮಗೆ ತಾವೇ ಕೆಲಸ ಹುಟ್ಟಿಸ್ಕೊಂಡ ಕತೆ ಇದು. ಏಕೀಕರಣ ಆಗಿ ಆಗಿನ್ನೂ ನಾಲ್ಕೇ ವರ್ಷ. ನಕ್ಷೆ ಒಂದಾಗಿತ್ತು, ಆದರೆ ಕನ್ನಡ ಚಿತ್ರರಂಗದ ಮನೆ ಇನ್ನೂ ಬೇರೆ ರಾಜ್ಯದಲ್ಲಿತ್ತು.

ಬಾಲಣ್ಣನ ತಲೆಯಲ್ಲಿ ಆ ಕೊರತೆ ಕೂತುಬಿಟ್ಟಿತು. ಕೆಂಗೇರಿ ಹತ್ತಿರ ಸರ್ಕಾರ 20 ಎಕರೆ ಕೊಟ್ಟಿತು. ಅಲ್ಲಿ ಅಭಿಮಾನ್ ಸ್ಟುಡಿಯೋ ಎದ್ದಿತು. ಆದರೆ ಸ್ಟುಡಿಯೋ ಅಂದ್ರೆ ಬರೀ ನೆಲ, ಗೋಡೆ ಅಲ್ಲ. ಫ್ಲೋರ್, ಲೈಟು, ಕರೆಂಟು, ಬಾಡಿಗೆಗೆ ಬರೋ ನಿರ್ಮಾಪಕರು ಎಲ್ಲ ಬೇಕು. ಪೋಷಕ ನಟನ ಸಂಭಾವನೆಯಲ್ಲಿ ಅದನ್ನ ಸಾಕೋಕೆ ಆಗೋದಿಲ್ಲ. ದುಡಿದದ್ದನ್ನ ಅದಕ್ಕೇ ಸುರಿದು ಸಾಲದಲ್ಲಿ ಬಿದ್ದರು, ವಯಸ್ಸಾದ ಮೇಲೂ ಬಣ್ಣ ಹಚ್ಚುತ್ತಲೇ ಇದ್ದರು. 1995ರ ಜುಲೈನಲ್ಲಿ ತೀರಿಕೊಂಡಾಗ ಕನಸು ಅರ್ಧಕ್ಕೇ ನಿಂತಿತ್ತು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡು ಅಲ್ಲೇ ಅಂತ್ಯಕ್ರಿಯೆ ನಡೆದ ಮೇಲೆ ಜಾಗದ ಗುರುತೇ ಬದಲಾಯ್ತು. ಸರ್ಕಾರದ ಸ್ಮಾರಕ ಮೈಸೂರಲ್ಲಿ ಆಗೋ ಹೊತ್ತಿಗೆ 2023. ಷರತ್ತಿನ ಮೇಲೆ ಕೊಟ್ಟ ಸಾರ್ವಜನಿಕ ಭೂಮಿ ಖಾಸಗಿ ಆಸ್ತಿ ಆಗಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಲ್ಲಿ ಸರ್ಕಾರದ ಪಾಲೂ ಇದೆ. ಒಬ್ಬ ಮುದುಕ ನಟನ ಕೈಗೆ ಭೂಮಿ ಕೊಟ್ಟು, ಅದರ ಮೇಲೆ ಸಂಸ್ಥೆ ಕಟ್ಟೋಕೆ ಬೇಕಾದ ಬಂಡವಾಳ ಕೊಡದೆ ದಶಕಗಟ್ಟಲೆ ಸುಮ್ಮನಿದ್ದು, ಕೊನೆಗೆ ಷರತ್ತಿನ ಕಾಗದ ಹಿಡಿದು ಬಂದಿದೆ. ಇದನ್ನ ಸಾಂಸ್ಕೃತಿಕ ನೀತಿ ಅಂತ ಕರೆಯೋಕಾಗಲ್ಲ.

ಜಾಗ ವಾಪಸ್ ಬಂದರೆ ಅದು ಮತ್ತೆ ಸಿನಿಮಾ ಕೆಲಸಗಾರರಿಗೇ ಸಿಗಲಿ. ವಿಷ್ಣು ನೆನಪಿಗೂ ಅಲ್ಲಿ ಜಾಗ ಇರಲಿ, ಬಾಲಣ್ಣನ ಹೆಸರೂ ಇರಲಿ. ನಮ್ಮೂರಿನ ಫರಸಿ ಕಲ್ಲು ರಾಜ್ಯದ ಎಷ್ಟೋ ಮನೆಗಳ ನೆಲದಲ್ಲಿದೆ, ಅದರ ಮೇಲೆ ನಡೆಯೋರು ಶಹಾಬಾದ್ ನೆನೆಸೋದಿಲ್ಲ. ಪೋಷಕ ನಟರ ಪಾಡೂ ಅಷ್ಟೇ. ಆದರೆ ಇವರ ಹೆಸರು ಪಹಣಿಯಲ್ಲಷ್ಟೇ ಉಳಿದ್ರೆ ತಪ್ಪು ನಮ್ಮದು.