ನೈದಿಲೆ ಕೊಳಕ್ಕಾಗಿ ಊರನ್ನೇ ಎದುರು ಹಾಕಿಕೊಂಡ ಚಿತ್ರಕಾರ

ಹೋದ ಬೇಸಿಗೆಯಲ್ಲಿ ಶಿಡ್ಲಘಟ್ಟದ ನಮ್ಮ ಚಿಕ್ಕಮ್ಮ ಫೋನ್ ಮಾಡಿ ಒಂದೇ ಸಮನೆ ಗೋಳಾಡಿದರು. ಅವರು ತಾರಸಿ ಮೇಲಿನ ಸಿಮೆಂಟ್ ತೊಟ್ಟಿಯಲ್ಲಿ ಕೆಂಪು ನೈದಿಲೆ ಹಾಕಿದ್ದಾರೆ. ಹೂವು ಬಿಡ್ತಿಲ್ಲ ಅಂತ ಯಾರದೋ ಮಾತು ಕೇಳಿ ರೇಷ್ಮೆ ಹುಳದ ಹಿಕ್ಕೆಯನ್ನು ಎರಡು ಬೊಗಸೆ ತಂದು ನೀರಿಗೇ ಸುರಿದುಬಿಟ್ಟಿದ್ದಾರೆ. ಆ ಊರಲ್ಲಿ ಅದಕ್ಕೇನು ಬರವೇ? ಎಂಟು ದಿನದಲ್ಲಿ ನೀರು ಹಸಿರುಗಟ್ಟಿ, ನಾತ ಎದ್ದು, ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಗಪ್ಪಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವಂತೆ. ಹೂವಂತೂ ಇಲ್ಲವೇ ಇಲ್ಲ.

ಗೊಬ್ಬರ ಬೇಕಿರೋದು ಬೇರಿಗೆ ಚಿಕ್ಕಮ್ಮಾ, ನೀರಿಗಲ್ಲ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಆಗ ಒಬ್ಬ ಚಿತ್ರಕಾರನ ಕತೆ ಹೇಳಿದೆ. ನೀಲಿ ಹಸಿರು ನೀರಿನ ಮೇಲೆ ಮಸುಕು ಮಸುಕಾಗಿ ನೈದಿಲೆಗಳು ತೇಲುವ ಚಿತ್ರವನ್ನು ನೀವೂ ಕ್ಯಾಲೆಂಡರಿನಲ್ಲೋ ಹೋಟೆಲಿನ ಗೋಡೆ ಮೇಲೋ ನೋಡಿರುತ್ತೀರಿ. ಅದನ್ನು ಬರೆದ ಕ್ಲಾಡ್ ಮೊನೆ, ತನ್ನ ಜೀವನದ ಕೊನೆಯ 33 ವರ್ಷ ಒಂದು ಹೂಕೊಳವನ್ನು ಮಗುವಿನ ಹಾಗೆ ಸಾಕಿದವನು.

ಮೊನೆ ಹುಟ್ಟಿದ್ದು 1840ರ ನವೆಂಬರ್ 14ರಂದು, ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಲೆ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಹದಿಹರೆಯದಲ್ಲೇ ಊರಿನವರ ವ್ಯಂಗ್ಯಚಿತ್ರ ಬರೆದು ಮಾರುತ್ತಿದ್ದ ಹುಡುಗ. ಬೂದ್ಯಾ ಎಂಬ ಹಿರಿಯ ಚಿತ್ರಕಾರ ಆತನನ್ನು ಬಯಲಿಗೆ ಕರೆದೊಯ್ದು, ಕಣ್ಣೆದುರಿನ ಬೆಳಕನ್ನು ನೋಡಿ ಬರೆಯುವುದನ್ನು ಕಲಿಸಿದ. 1874ರಲ್ಲಿ ಗೆಳೆಯರೆಲ್ಲ ಸೇರಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಇಟ್ಟಾಗ, ಮೊನೆಯ ಸೂರ್ಯೋದಯದ ಚಿತ್ರದ ಹೆಸರನ್ನೇ ಹಿಡಿದು ಒಬ್ಬ ವಿಮರ್ಶಕ ಗೇಲಿ ಮಾಡಿದ. ಆ ಗೇಲಿಯ ಮಾತೇ ಮುಂದೆ ಇಂಪ್ರೆಷನಿಸಂ ಅನ್ನುವ ದೊಡ್ಡ ಹೆಸರಾಯಿತು.

ಹೆಸರೇನೋ ಬಂತು, ಆದರೆ ಮನೆಯಲ್ಲಿ ಕಷ್ಟ. 1879ರಲ್ಲಿ ಹೆಂಡತಿ ಕಮೀಲ್ ಕಾಯಿಲೆಯಿಂದ ತೀರಿಕೊಂಡಳು, ಆಗವಳಿಗೆ 32 ವರ್ಷ. ಚಿಕ್ಕ ಮಗ ಮಿಶೆಲ್‌ಗೆ ಇನ್ನೂ ಒಂದೂವರೆ ವರ್ಷ. ಅದೇ ಮನೆಯಲ್ಲಿ, ವ್ಯಾಪಾರದಲ್ಲಿ ದಿವಾಳಿಯಾದ ಒಬ್ಬ ಪರಿಚಿತನ ಕುಟುಂಬವೂ ಇತ್ತು. ಆತನ ಹೆಂಡತಿ ಅಲೀಸ್ ತನ್ನ ಆರು ಮಕ್ಕಳ ಜೊತೆ ತಾಯಿಯಿಲ್ಲದ ಈ ಇಬ್ಬರನ್ನೂ ನೋಡಿಕೊಂಡಳು. 1883ರಲ್ಲಿ ಈ ಎಂಟು ಮಕ್ಕಳನ್ನು ಕಟ್ಟಿಕೊಂಡು ಎಲ್ಲರೂ ಜಿವರ್ನಿ ಎಂಬ ಹಳ್ಳಿಗೆ ಬಾಡಿಗೆ ಮನೆಗೆ ಬಂದರು. ಗಂಡ ತೀರಿಕೊಂಡ ಮೇಲೆ, 1892ರಲ್ಲಿ ಅಲೀಸ್ ಮೊನೆಯನ್ನು ಮದುವೆಯಾದಳು. ಮಧ್ಯಾಹ್ನದ ಊಟ ಹನ್ನೊಂದೂವರೆಗೆ ಸರಿಯಾಗಿ ಮೇಜಿನ ಮೇಲಿರಬೇಕಿತ್ತಂತೆ ಮೊನೆಗೆ! ಚಿತ್ರದ ಪುಸ್ತಕಗಳಲ್ಲಿ ಇದನ್ನು ತಮಾಷೆಯ ಸಂಗತಿ ಅಂತ ಬರೀತಾರೆ. ಅಷ್ಟು ಜನರ ಅಡುಗೆಮನೆ ನಡೆಸಿದವಳಿಗೆ ಅದು ತಮಾಷೆಯಾಗಿತ್ತೋ ಇಲ್ಲವೋ, ನಮ್ಮಂಥವರು ಊಹಿಸಬಹುದು.

ಚಿತ್ರಗಳು ಮಾರಾಟವಾಗಿ ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ, 1890ರಲ್ಲಿ ಮೊನೆ ಆ ಮನೆಯನ್ನು ಕೊಂಡ. 1893ರಲ್ಲಿ ರೈಲು ಹಳಿಯ ಆಚೆಗಿದ್ದ ಜೌಗು ನೆಲವನ್ನೂ ಕೊಂಡು, ಅಲ್ಲಿ ಹರಿಯುತ್ತಿದ್ದ ಸಣ್ಣ ತೊರೆಯ ನೀರು ತಿರುಗಿಸಿ ಹೂಕೊಳ ಮಾಡ್ತೀನಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ.

ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ತೊರೆಯಲ್ಲಿ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಎಲ್ಲಿಯದೋ ವಿಚಿತ್ರ ಗಿಡ ತಂದು ಹಾಕಿದರೆ ನೀರು ವಿಷವಾಗಿ ದನಕರು ಸತ್ತಾವು ಅನ್ನೋದು ರೈತರ ಭಯ. ಮೊನೆಗೆ ಇದರಿಂದ ಸಿಟ್ಟೋ ಸಿಟ್ಟು. ಅನುಮತಿ ಸಿಕ್ಕಿದ್ದು ಜುಲೈನಲ್ಲಿ. ಹಳ್ಳಿಯವರನ್ನು ದಡ್ಡರು ಅಂತ ಎಷ್ಟೋ ಪುಸ್ತಕಗಳು ನಗುತ್ತವೆ, ನನಗೆ ಹಾಗೆ ಅನ್ನಿಸೋದಿಲ್ಲ. ಗಿಡದಿಂದ ನೀರು ಕೆಡದೇ ಇರಬಹುದು, ಗಿಡಕ್ಕೆಂದು ಸುರಿಯುವುದರಿಂದ ಕೆಟ್ಟೇ ಕೆಡುತ್ತದೆ. ಸಾರಜನಕ, ರಂಜಕ ಹೆಚ್ಚಾಗಿ ಬೆರೆತ ನೀರು ಸೇರುವ ಕೆರೆಗಳಲ್ಲಿ ಅಂತರಗಂಗೆ ಹಾಸಿಕೊಳ್ಳುವುದನ್ನು ನಾವೂ ಕಂಡಿಲ್ಲವೇ?

ಅಲ್ಲಿಯವರೆಗೆ ಫ್ರಾನ್ಸಿನ ಚಳಿ ತಡೆಯುತ್ತಿದ್ದದ್ದು ಬಿಳಿ ನೈದಿಲೆ. ಲಾತೂರ್ ಮಾರ್ಲಿಯಾಕ್ ಎಂಬಾತ ಅದಕ್ಕೆ ಬೇರೆ ದೇಶದ ಬಣ್ಣದ ತಳಿ ಕೂಡಿಸಿ ಗುಲಾಬಿ, ಕೆಂಪು, ಹಳದಿ ನೈದಿಲೆ ಪಡೆದ. 1889ರ ಪ್ಯಾರಿಸ್ ಮಹಾಮೇಳದಲ್ಲಿ ಅವನ್ನು ಪ್ರದರ್ಶಿಸಿದ್ದ. ಮೊನೆ 1894ರಲ್ಲಿ ಆತನಿಂದಲೇ ಗಿಡ ತರಿಸಿದ.

ಕೊಳ ನೋಡಿಕೊಳ್ಳಲೆಂದೇ ಒಬ್ಬ ಮಾಲಿಯಿದ್ದ. ದೋಣಿಯಲ್ಲಿ ಹೋಗಿ ಹಳದಿಯಾದ ಎಲೆ, ಬಾಡಿದ ಹೂವು, ಪಾಚಿ ಎಲ್ಲ ತೆಗೆಯುವುದು, ಎಲೆಗಳ ಮೇಲಿನ ಧೂಳು ತೊಳೆಯುವುದು ಅವನ ಕೆಲಸ. ಎಲೆಗಳು ನೀರನ್ನೆಲ್ಲ ಮುಚ್ಚದಂತೆ ಗುಂಪು ಗುಂಪಾಗಿ ಬಿಡಬೇಕಿತ್ತು, ನಡುವೆ ಆಕಾಶ ಕಾಣಬೇಕಿತ್ತು. ಪಕ್ಕದ ರಸ್ತೆಯ ಧೂಳು ಹೂವಿನ ಮೇಲೆ ಕೂರುತ್ತದೆ ಅಂತ ಮೊನೆ ತನ್ನ ದುಡ್ಡಿನಿಂದ ರಸ್ತೆಗೆ ಡಾಂಬರನ್ನೂ ಹಾಕಿಸಿದ.

ಮೊನೆಗೆ ಅದು ಚಿತ್ರದ ಅಂದಕ್ಕಾಗಿ. ನಮಗೆ ಬೇಕಾದ ಗುಟ್ಟೂ ಅದರಲ್ಲೇ ಇದೆ ನೋಡಿ. ಕೊಳೆತ ಎಲೆ ನೀರಿಗೆ ಗೊಬ್ಬರವಾಗುತ್ತದೆ, ಅದನ್ನು ಮೊದಲು ಉಣ್ಣುವುದು ಪಾಚಿ. ಚಿಕ್ಕಮ್ಮನ ತೊಟ್ಟಿಯಲ್ಲಿ ಆದದ್ದೂ ಅದೇ. ಪಾಚಿ ಹೆಚ್ಚಾಗಿ, ಹಿಕ್ಕೆಯೂ ನೀರಲ್ಲೇ ಕೊಳೆತು, ರಾತ್ರಿ ಹೊತ್ತು ಮೀನಿಗೆ ಉಸಿರಾಡಲು ಆಮ್ಲಜನಕವೇ ಉಳಿಯಲಿಲ್ಲ.

ಹಾಗಾದ್ರೆ ಗೊಬ್ಬರ ಹಾಕೋದು ಹೇಗೆ? ನೈದಿಲೆಯನ್ನು ಅಗಲ ಬಾಯಿಯ ಟಬ್ಬಿನಲ್ಲಿ ನೆಟ್ಟು ಆ ಟಬ್ಬನ್ನು ತೊಟ್ಟಿಯೊಳಗೆ ಇಳಿಸಿ. ತಳದಲ್ಲಿ ಐದನೇ ಒಂದು ಪಾಲು, ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುವಂಥ ಹಳೇ ಸಗಣಿ ಗೊಬ್ಬರ, ಎರಡು ಚಮಚ ಮೂಳೆ ಪುಡಿ. ಅದರ ಮೇಲೆ ಜಿಗುಟಾದ ಕೆರೆಗೋಡು, ಮೇಲೊಂದು ಇಂಚು ಮರಳು. ತೆಂಗಿನ ನಾರಿನ ಪುಡಿ ಬೇಡ, ತೇಲಿಬಿಡುತ್ತೆ. ಗಿಡ ಹಿಡಿದುಕೊಂಡ ಮೇಲೆ ತಿಂಗಳಿಗೊಮ್ಮೆ ಅರ್ಧ ಟೀ ಚಮಚ ಡಿಎಪಿಯನ್ನು ಜೇಡಿಮಣ್ಣಿನ ಉಂಡೆಯೊಳಗಿಟ್ಟು, ಉಂಡೆ ಒಣಗಿಸಿ, ಬೇರಿನ ಹತ್ತಿರ ಬೆರಳುದ್ದ ಆಳಕ್ಕೆ ಒತ್ತಿ ಮಣ್ಣು ಮುಚ್ಚಿ. ಹುಳದ ಹಿಕ್ಕೆಯೇ ಹಾಕಬೇಕಂದ್ರೆ ಕೆಲವು ತಿಂಗಳು ಗುಂಡಿಯಲ್ಲಿ ಕಳಿಸಿ, ಸಗಣಿ ಗೊಬ್ಬರದ ಬದಲು ತಳಕ್ಕೆ ಹಾಕಿ. ತಾವರೆ ಇದ್ದರೆ ನೀರಿನಿಂದ ಮೇಲೆದ್ದು ನಿಲ್ಲುವ ಎಲೆ ಬರುವವರೆಗೆ ಈ ಉಂಡೆ ಕೊಡಬೇಡಿ, ಎಳೆ ಬೇರು ಸುಟ್ಟೀತು. ಬರೀ ತೇಲುವ ಗಿಡಗಳಿಗೆ ಬೇರೆ ಗೊಬ್ಬರವೇ ಬೇಡ. ಎಲೆ ಚಿಕ್ಕದಾಗಿ ಹಳದಿಯಾಗುತ್ತಿದ್ದರೆ ಗಿಡಕ್ಕೆ ಹಸಿವು. ನೀರು ಹಸಿರಾದರೆ ನಿಮ್ಮ ಕೈ ಜಾಸ್ತಿಯಾಗಿದೆ ಅಂತ ಅರ್ಥ. ದಿನಕ್ಕೆ ಆರು ಗಂಟೆ ಬಿಸಿಲಿಲ್ಲದ ಕಡೆ ಏನು ಹಾಕಿದರೂ ಹೂವು ಬರಲ್ಲ.

ಮೊನೆಯ ವಿಷಯಕ್ಕೆ ಬರ್ತೀನಿ. 1909ರಲ್ಲಿ ಪ್ಯಾರಿಸ್ಸಿನಲ್ಲಿ 48 ನೈದಿಲೆ ಚಿತ್ರಗಳ ಪ್ರದರ್ಶನವಾಯಿತು. ಅದಕ್ಕೆ ಮುಂಚಿನ ವರ್ಷ, ಸರಿ ಬಂದಿಲ್ಲ ಅಂತ ಹಲವು ಚಿತ್ರಗಳನ್ನು ತಾನೇ ಹರಿದು ಹಾಕಿದ್ದ. 1910ರಲ್ಲಿ ನೆರೆ ಬಂದು ಕೊಳ ಮುಳುಗಿತು. 1911ರಲ್ಲಿ ಅಲೀಸ್ ಹೋದಳು. 1912ರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು ಡಾಕ್ಟರು. 1914ರಲ್ಲಿ ದೊಡ್ಡ ಮಗ ಜ್ಯಾನ್ ತೀರಿಕೊಂಡ. ಒಂದಾದ ಮೇಲೊಂದು ಪೆಟ್ಟು. ಮೊನೆ ಕುಂಚ ಕೆಳಗಿಟ್ಟ.

ಆಗ ಆತನನ್ನು ಎಬ್ಬಿಸಿ ನಿಲ್ಲಿಸಿದವರು ಇಬ್ಬರು. ಒಬ್ಬ, ಗೆಳೆಯ ಕ್ಲೆಮಾನ್ಸೋ, ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿನ ಪ್ರಧಾನಿಯಾಗಿದ್ದವನು. ಇನ್ನೊಬ್ಬಳು ಬ್ಲಾಂಶ್, ಅಲೀಸ್‌ಳ ಮಗಳು, ಜ್ಯಾನ್‌ನ ವಿಧವೆ. ಅವಳೂ ಚಿತ್ರಕಾರ್ತಿ. ಗಂಡ ಸತ್ತ ಮೇಲೆ ಮಾವನ ಮನೆ, ಊಟ, ಔಷಧಿ, ಸಿಟ್ಟು ಎಲ್ಲವನ್ನೂ ನಿಭಾಯಿಸಿದಳು. ಅವಳ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

ಯುದ್ಧದ ಫಿರಂಗಿ ಸದ್ದು ಜಿವರ್ನಿಗೂ ಕೇಳಿಸುತ್ತಿತ್ತು. ಮೊನೆ ಊರು ಬಿಡಲಿಲ್ಲ. ದೊಡ್ಡ ಕೊಠಡಿ ಕಟ್ಟಿಸಿ, ಎರಡು ಮೀಟರ್ ಎತ್ತರದ ಹಾಸುಗಳ ಮೇಲೆ ತನ್ನ ಕೊಳವನ್ನು ಬರೆಯತೊಡಗಿದ. 1918ರ ನವೆಂಬರ್‌ನಲ್ಲಿ ಯುದ್ಧ ನಿಂತ ಮಾರನೇ ದಿನವೇ ಅವುಗಳಲ್ಲಿ ಎರಡನ್ನು ದೇಶಕ್ಕೆ ಕೊಡ್ತೀನಿ ಅಂದ. ಎರಡು ಹೋಗಿ ಕೊನೆಗೆ 22 ಆಯಿತು. ಕಣ್ಣು ಮಾತ್ರ ಮಂಜಾಗುತ್ತಲೇ ಹೋಯಿತು. ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ, ಹಲಗೆಯ ಮೇಲೆ ಬಣ್ಣಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿಟ್ಟು ಬರೆಯುತ್ತಿದ್ದ. 1923ರಲ್ಲಿ ಬಲಗಣ್ಣಿನ ಆಪರೇಷನ್ ಆದ ಮೇಲೆ ಎಲ್ಲವೂ ನೀಲಿಯಾಗಿ ಕಾಣಿಸಿ ಪರದಾಡಿದ. ಬಣ್ಣದ ಕನ್ನಡಕ ಹಾಕಿಕೊಂಡು ಮತ್ತೆ ಕೊಳದ ಮುಂದೆ ಕೂತ. 1926ರ ಡಿಸೆಂಬರ್ 5ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡ. ಆ ದೊಡ್ಡ ಚಿತ್ರಗಳು ಪ್ಯಾರಿಸ್ಸಿನ ಓರಾಂಜರಿಯಲ್ಲಿ ಜನರಿಗೆ ಕಂಡದ್ದು ಮರುವರ್ಷ ಮೇ ತಿಂಗಳಲ್ಲಿ.

1947ರಲ್ಲಿ ಬ್ಲಾಂಶ್ ಸತ್ತ ಮೇಲೆ ತೋಟವನ್ನು ಕೇಳುವವರಿಲ್ಲದೆ ಸೇತುವೆ ಕೊಳೆತು ನೀರಿಗೆ ಬಿತ್ತು, ಕೊಳದಲ್ಲಿ ಕಳೆ ತುಂಬಿತು. ಆಮೇಲೆ ಹೂಳೆತ್ತಿ, ಹೊಸದಾಗಿ ನೈದಿಲೆ ನೆಟ್ಟು, 1980ರಲ್ಲಿ ಸಾರ್ವಜನಿಕರಿಗೆ ತೆರೆದರು. ಈಗಲೂ ಅಲ್ಲಿ ದೋಣಿಯಲ್ಲಿ ಹೋಗಿ ಕೊಳ ಸ್ವಚ್ಛ ಮಾಡುತ್ತಾರೆ.

ಚಿಕ್ಕಮ್ಮ ತೊಟ್ಟಿ ಖಾಲಿ ಮಾಡಿ, ಆ ಹಸಿರು ನೀರನ್ನು ಗುಲಾಬಿ ಗಿಡಕ್ಕೆ ಹಾಕಿದರು (ಅದಕ್ಕೆ ಭರ್ಜರಿಯಾಯ್ತು!). ಕೆರೆಗೋಡು ತರಿಸಿ ಮತ್ತೆ ನೆಟ್ಟರು. ಆಗಸ್ಟಿನಲ್ಲಿ ಮೊದಲ ಮೊಗ್ಗು ಬಂತು. ಮೊನ್ನೆ ಮತ್ತೆ ಫೋನ್, ಚಳಿ ಶುರುವಾಯ್ತು, ಎಲೆ ಕಡಿಮೆಯಾಗ್ತಿದೆ, ಇನ್ನೊಂದು ಉಂಡೆ ಹಾಕಲಾ ಅಂತ. ಬೇಡ, ಡಿಸೆಂಬರ್ ಜನವರಿ ಸುಮ್ಮನೆ ಬಿಡಿ, ಶಿವರಾತ್ರಿ ಕಳೆದು ಹೊಸ ಎಲೆ ಬಂದಾಗ ನೋಡೋಣ ಅಂದಿದ್ದೀನಿ.