ದೀಪಧಾರಿಣಿ

ರೋಗಿಯ ಸೇವೆಗೆ ಕರುಣೆ ಅತ್ಯಗತ್ಯ. ಆದರೆ ಕರುಣೆಯೊಂದರಿಂದಲೇ ರೋಗ ವಾಸಿಯಾಗದು. ಯಾವ ಆರೈಕೆಯಿಂದ ರೋಗಿ ಬದುಕುತ್ತಾನೆ, ಯಾವ ಕೊರತೆಯಿಂದ ಸಾಯುತ್ತಾನೆ ಎಂಬುದನ್ನು ಪರೀಕ್ಷಿಸಿ ಅರಿಯಬೇಕಾಗುತ್ತದೆ. ಈ ಸತ್ಯವನ್ನು ತನ್ನ ಬಾಳಿನ ದುಡಿಮೆಯಿಂದ ತೋರಿಸಿಕೊಟ್ಟವಳು ಫ್ಲಾರೆನ್ಸ್ ನೈಟಿಂಗೇಲ್.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆಕೆಯ ಜನನವಾಯಿತು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತ ಮನೆತನದವರು. ಪ್ರವಾಸಕಾಲದಲ್ಲಿ ಹುಟ್ಟಿದ ಮಗಳಿಗೆ ಅವರು ಆ ನಗರದ ಹೆಸರನ್ನೇ ಇಟ್ಟರು. ತಂದೆ ಮಗಳಿಗೆ ಭಾಷೆಗಳನ್ನೂ ಚರಿತ್ರೆಯನ್ನೂ ತಾನೇ ಕಲಿಸಿದನು. ಗಣಿತದಲ್ಲಿ ಆಕೆಗೆ ಎಳೆತನದಿಂದಲೂ ವಿಶೇಷ ಆಸಕ್ತಿಯಿತ್ತು.

ಆಕೆ ದಾದಿಯಾಗಬೇಕೆಂದು ಬಯಸಿದಾಗ ಮನೆಯವರು ಬೆಚ್ಚಿದರು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಗೌರವವಿರಲಿಲ್ಲ. ಕುಲೀನ ಮನೆತನದ ಹೆಣ್ಣುಮಕ್ಕಳು ಅದನ್ನು ಕೈಗೊಳ್ಳುವುದು ಅಪಮಾನವೆಂದೇ ಎಣಿಕೆಯಾಗಿತ್ತು. ಆಕೆ ಹಲವು ವರ್ಷ ಕಾದಳು. ಮನಸ್ಸನ್ನು ಮಾತ್ರ ಬದಲಿಸಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಶುಶ್ರೂಷೆಯನ್ನು ಕಲಿತಳು. 1853ರಲ್ಲಿ ಲಂಡನ್ನಿನಲ್ಲಿ ರೋಗಪೀಡಿತ ಮಹಿಳೆಯರ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು.

ಮರುವರ್ಷ ಬ್ರಿಟನ್ ಕ್ರಿಮಿಯಾ ಯುದ್ಧಕ್ಕಿಳಿಯಿತು. ಗಾಯಗೊಂಡ ಸೈನಿಕರನ್ನು ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಸಾಗಿಸಲಾಗುತ್ತಿತ್ತು. ಸರ್ಕಾರದ ಕೋರಿಕೆಯಂತೆ 38 ಮಂದಿ ಸೇವಿಕೆಯರೊಡನೆ ಫ್ಲಾರೆನ್ಸ್ 1854ರ ನವೆಂಬರ್ 4ರಂದು ಅಲ್ಲಿಗೆ ತಲುಪಿದಳು. ಕಿಕ್ಕಿರಿದ ರೋಗಿಗಳು, ಹೊಲಸು ಹಾಸಿಗೆಗಳು, ಗಾಳಿಯಿಲ್ಲದ ಕೊಠಡಿಗಳು, ಕಟ್ಟಡದಡಿಯಲ್ಲಿ ಕೊಳೆತು ನಾರುವ ಚರಂಡಿಗಳು ಆಕೆಯನ್ನು ಎದುರುಗೊಂಡವು. ಆಕೆ ಬಟ್ಟೆ ಒಗೆಸಿದಳು, ಪಥ್ಯದ ಆಹಾರಕ್ಕೆ ಏರ್ಪಾಡು ಮಾಡಿದಳು. ರಾತ್ರಿಯ ವೇಳೆ ದೀಪ ಹಿಡಿದು ರೋಗಿಗಳ ಸಾಲುಗಳ ನಡುವೆ ಸುತ್ತಿದಳು. ಅದರಿಂದಲೇ ಲೋಕ ಆಕೆಯನ್ನು ದೀಪಧಾರಿಣಿಯೆಂದು ಕರೆಯಿತು.

ಇಷ್ಟಾದರೂ ಸಾವು ಇಳಿಯಲಿಲ್ಲ. 1855ರ ಫೆಬ್ರುವರಿಯಲ್ಲಿ ಮರಣ ಪ್ರಮಾಣ ನೂರಕ್ಕೆ ಸುಮಾರು 42ಕ್ಕೆ ಏರಿತು. ಮಾರ್ಚ್ ತಿಂಗಳಲ್ಲಿ ಸರ್ಕಾರದ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ತೊಳೆಸಿತು, ನೀರಿನ ಕಾಲುವೆಯನ್ನು ಶುದ್ಧಗೊಳಿಸಿತು, ಕೊಠಡಿಗಳಿಗೆ ಗಾಳಿ ಬರುವಂತೆ ಮಾಡಿತು. ಜೂನ್ ವೇಳೆಗೆ ಮರಣ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಆಹಾರ, ಬಟ್ಟೆಗಳ ಅಭಾವ ಮತ್ತು ಅತಿ ದಣಿವು ಈ ಸಾವುಗಳಿಗೆ ಮುಖ್ಯ ಕಾರಣವೆಂದು ಫ್ಲಾರೆನ್ಸ್ ಯುದ್ಧಕಾಲದಲ್ಲಿ ಭಾವಿಸಿದ್ದಳು. 1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಎಂಬವನ ನೆರವಿನಿಂದ ಸಾವುಗಳ ಲೆಕ್ಕವನ್ನು ಪರಿಶೀಲಿಸಿದಳು. ಗಾಯಗಳಿಂದ ಸತ್ತವರಿಗಿಂತ ರೋಗಗಳಿಂದ ಸತ್ತವರ ಸಂಖ್ಯೆ ಹಲವು ಪಟ್ಟು ಹೆಚ್ಚಾಗಿತ್ತು. ಆ ರೋಗಗಳಿಗೆ ಆಸ್ಪತ್ರೆಯ ಕೊಳಕೂ ಇಕ್ಕಟ್ಟೂ ಕಾರಣವಾಗಿದ್ದವು. ತಾನು ಹಗಲಿರುಳು ದುಡಿದ ಆಸ್ಪತ್ರೆಯೇ ರೋಗಿಗಳಿಗೆ ಮೃತ್ಯುವಾಗಿತ್ತೆಂಬುದು ಕಹಿಸತ್ಯ. ಆಕೆ ಅದನ್ನು ಮುಚ್ಚಿಡಲಿಲ್ಲ. ಅಂಕಿಗಳನ್ನು ಬಣ್ಣದ ವೃತ್ತಚಿತ್ರಗಳಲ್ಲಿ ಮೂಡಿಸಿ ಅಧಿಕಾರಿಗಳ ಮುಂದಿಟ್ಟಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಿಕ್ಷಣಶಾಲೆ ಆರಂಭವಾಯಿತು. ಈ ಶಿಕ್ಷಣದ ಫಲ ನಿರ್ಗತಿಕರಿಗೂ ದೊರೆಯಬೇಕೆಂಬುದು ಆಕೆಯ ಹಂಬಲ. ಮನೆಮಠವಿಲ್ಲದ ವೃದ್ಧರು, ಆಶ್ರಯ ಕಳೆದುಕೊಂಡ ಹೆಂಗಸರು, ಅನಾಥ ಮಕ್ಕಳು ಆ ಕಾಲದಲ್ಲಿ ವರ್ಕ್‌ಹೌಸ್ ಎಂಬ ದುಡಿಮೆಯ ಗೃಹಗಳನ್ನು ಸೇರಬೇಕಾಗಿತ್ತು. ಅಲ್ಲಿ ರೋಗ ಬಂದರೆ ನೋಡಿಕೊಳ್ಳುವವರು ತರಬೇತಿಯಿಲ್ಲದ ಇತರ ನಿರ್ಗತಿಕ ಹೆಂಗಸರೇ. ಲಿವರ್‌ಪೂಲಿನ ದಾನಿ ವಿಲಿಯಂ ರಾತ್‌ಬೋನ್ ಹಣ ಒದಗಿಸಿದನು. 1865ರಲ್ಲಿ ಆಗ್ನೆಸ್ ಜೋನ್ಸ್ ಎಂಬ ತರುಣಿ ಶಿಕ್ಷಿತ ದಾದಿಯರೊಡನೆ ಅಲ್ಲಿನ ವರ್ಕ್‌ಹೌಸ್ ಆಸ್ಪತ್ರೆಗೆ ಹೋದಳು. ಮೊದಲು ಪುರುಷರ ವಿಭಾಗದಲ್ಲಿ ಪ್ರಯೋಗ ನಡೆಯಿತು. ಪ್ರಯೋಜನ ಕಂಡುಬಂದ ಮೇಲೆ ಉಳಿದ ವಿಭಾಗಗಳಿಗೂ ಆ ವ್ಯವಸ್ಥೆಯನ್ನು ವಿಸ್ತರಿಸಲಾಯಿತು. ಆದರೆ 1868ರಲ್ಲಿ ಆಗ್ನೆಸ್ ಟೈಫಸ್ ಜ್ವರಕ್ಕೆ ತುತ್ತಾದಳು. ಆಗ ಆಕೆಗೆ 35 ವರ್ಷ.

ಇದೇ ಅವಧಿಯಲ್ಲಿ ಮತ್ತೊಂದು ಕಠಿಣ ಪರೀಕ್ಷೆ ಎದುರಾಯಿತು. ಫ್ಲಾರೆನ್ಸಳ ನಿಧಿಯ ನೆರವಿನಿಂದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗಾಗಿ ಹೆರಿಗೆಯ ವಾರ್ಡೊಂದು ನಡೆಯುತ್ತಿತ್ತು. ಬಾಣಂತಿ ಜ್ವರದಿಂದ ಅಲ್ಲಿ ತಾಯಂದಿರು ಸಾಯತೊಡಗಿದರು. 1867ರಲ್ಲಿ ಅದನ್ನು ಮುಚ್ಚಲಾಯಿತು. ಫ್ಲಾರೆನ್ಸ್ ಅಷ್ಟಕ್ಕೇ ಸುಮ್ಮನಾಗದೆ ಅನೇಕ ಹೆರಿಗೆ ಆಸ್ಪತ್ರೆಗಳ ಲೆಕ್ಕಗಳನ್ನು ತರಿಸಿ ಹೋಲಿಸಿದಳು. ಬಡವರ ಮನೆಗಳಲ್ಲಿ ಹೆತ್ತ ತಾಯಂದಿರಿಗಿಂತ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತವರೇ ಹೆಚ್ಚಾಗಿ ಸಾಯುತ್ತಿದ್ದರು. ಬಾಣಂತಿಯರನ್ನು ಒಂದೆಡೆ ಗುಂಪುಗೂಡಿಸಬಾರದು, ಇತರ ರೋಗಿಗಳಿಂದ ದೂರವಿರಿಸಬೇಕು, ಚೊಕ್ಕಟತನವನ್ನು ಬಿಗಿಯಾಗಿ ಪಾಲಿಸಬೇಕು ಎಂಬ ತನ್ನ ನಿರ್ಣಯಗಳನ್ನು 1871ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಳು. ತಾನೇ ನೆರವಿತ್ತ ಕಾರ್ಯದ ಸೋಲು ಹೀಗೆ ಇತರ ತಾಯಂದಿರ ರಕ್ಷಣೆಗೆ ಪಾಠವಾಯಿತು.

ಯುದ್ಧದಿಂದ ಮರಳಿದ ಮೇಲೆ ಫ್ಲಾರೆನ್ಸ್ ಬಹುಕಾಲ ಅಸ್ವಸ್ಥಳಾಗಿಯೇ ಇದ್ದಳು. ಹಾಸಿಗೆಯಲ್ಲಿದ್ದುಕೊಂಡೇ ವರದಿಗಳನ್ನೂ ಸಾವಿರಾರು ಪತ್ರಗಳನ್ನೂ ಬರೆದಳು. ಭಾರತಕ್ಕೆ ಎಂದೂ ಬಾರದಿದ್ದರೂ ಇಲ್ಲಿನ ಸೈನಿಕರ ಮತ್ತು ಗ್ರಾಮಗಳ ನೈರ್ಮಲ್ಯಕ್ಕಾಗಿ ದೀರ್ಘಕಾಲ ಶ್ರಮಿಸಿದಳು. 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದಳು.

ಆಕೆಯ ಜನ್ಮದಿನವನ್ನು ಇಂದು ಜಗತ್ತು ದಾದಿಯರ ದಿನವನ್ನಾಗಿ ಆಚರಿಸುತ್ತದೆ. ಆಕೆ ಹಿಡಿದ ದೀಪ ರೋಗಿಯ ಮುಖಕ್ಕೆ ಬೆಳಕಾಯಿತು. ಆಸ್ಪತ್ರೆಯ ಕೊರತೆಗಳನ್ನೂ ಸ್ವಂತ ಕಾರ್ಯದ ಲೋಪಗಳನ್ನೂ ಅದು ತೋರಿಸಿತು. ಸೇವೆ ಮಾಡಬಯಸುವವರು ತಮ್ಮ ಸೇವೆಯಿಂದ ನಿಜವಾಗಿ ಒಳಿತಾಯಿತೇ ಎಂದು ಕೇಳಿಕೊಳ್ಳಬೇಕೆಂಬುದೇ ಆಕೆಯ ಬಾಳು ನಮಗೆ ಕಲಿಸುವ ಪಾಠ.